ಹಂಚು ಗುಡಿಸುವ ಪೊರಕೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಲು ಹೊರಟವರು ಸಾಮಾನ್ಯವಾಗಿ ಸಾಹಿತ್ಯವನ್ನೋ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಹಿಡಿಯುತ್ತಾರೆ. ನಾನು ಹಿಡಿದಿರುವುದು ಪೊರಕೆಯನ್ನು. ಅದೂ ಅಂಗಳ ಗುಡಿಸುವ ಪೊರಕೆಯಲ್ಲ. ದೋಸೆಯ ಹಂಚನ್ನು ಗುಡಿಸುವ ಗೇಣುದ್ದದ ಮೋಟು ಪೊರಕೆ. ವಾಚಕರು ನಗಬಹುದು. ಆದರೆ ನಕ್ಕಾದ ಮೇಲೆ ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕೆಂದು ನನ್ನ ವಿನಂತಿ. ಹೋಟೆಲಿನಲ್ಲಿ ನಾವು ತಿನ್ನುವ ದೋಸೆಗಿಂತ ಮುಂಚೆ ಆ ಹಂಚನ್ನು ಮುಟ್ಟಿದ ವಸ್ತು ಯಾವುದು? ಹಿಟ್ಟಲ್ಲ, ಎಣ್ಣೆಯಲ್ಲ, ಬೆಣ್ಣೆಯೂ ಅಲ್ಲ, ಪೊರಕೆ. ಹಂಚನ್ನು ಪೊರಕೆ ಶುಚಿ ಮಾಡುತ್ತದೆ, ಒಪ್ಪಿದೆ. ಪೊರಕೆಯನ್ನು ಶುಚಿ ಮಾಡುವವರು ಯಾರು? ಈ ಲೇಖನದ ವಿಷಯ ಇಷ್ಟೇ.

ದಾವಣಗೆರೆ ಜಿಲ್ಲೆಯವರಿಗೆ ಈ ವಿಷಯ ದೂರದ್ದಲ್ಲ. 1997ರಲ್ಲಿ ಈ ಜಿಲ್ಲೆ ಹುಟ್ಟಿದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಂದು ಸೇರಿದವು. ಜಗಳೂರು ಚಿತ್ರದುರ್ಗದಿಂದ ಬಂದಿತು. 2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಕಂದಾಯದ ಗಡಿಗಳು ಹೀಗೆ ಆಚೀಚೆ ಆದರೂ ಊಟತಿಂಡಿಗಳಿಗೆ ಗಡಿಯೆಂಬುದಿಲ್ಲ. ಜಿಲ್ಲೆಯ ಹೆಸರನ್ನು ಹೊತ್ತ ಬೆಣ್ಣೆದೋಸೆಯ ಹಂಚು ಈ ನಾಲ್ಕು ಊರುಗಳ ಬಸ್ ನಿಲ್ದಾಣಗಳ ಬಳಿಯೂ ಕಾಯುತ್ತಿರುತ್ತದೆ. ನನ್ನ ಸಹಪಾಠಿಗಳಲ್ಲಿ ನಾಲ್ಕು ಕಡೆಯವರೂ ಇದ್ದಾರೆ. ಕಳೆದ ರಜೆಯಲ್ಲಿ ಅವರವರ ಊರಿಗೆ ಹೋದಾಗಲೆಲ್ಲ ನಾನು ಹೋಟೆಲುಗಳ ಒಳಬಾಗಿಲಲ್ಲಿ ನಿಂತು ಹಂಚಿನ ಮುಂದಿನ ಕೆಲಸವನ್ನು ನೋಡಿದೆ, ಭಟ್ಟರನ್ನು ಮಾತನಾಡಿಸಿದೆ. ನೋಡಿ ಕೇಳಿ ತಿಳಿದದ್ದನ್ನೂ ಪುಸ್ತಕಗಳಿಂದ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಹಂಚಿನ ವಿಚಾರ. ಕೆಲವರು ಹಂಚೆನ್ನುವುದನ್ನು ಕೆಲವರು ಕಾವಲಿ ಎನ್ನುತ್ತಾರೆ. ಹೋಟೆಲಿನಲ್ಲಿ ಅದು ದಪ್ಪನೆಯ ಕಬ್ಬಿಣದ ಹಲಗೆ. ದೋಸೆ ಎತ್ತಿದ ಕೂಡಲೆ ಭಟ್ಟರು ಚೊಂಬಿನಿಂದ ಒಂದು ಹಿಡಿ ನೀರು ಎರಚುತ್ತಾರೆ. ನೀರು ಚುಂಯ್ ಎಂದು ಕುದಿಯುತ್ತಿರುವಾಗಲೇ ಪೊರಕೆಯಿಂದ ಸರ್‍ರನೆ ಗುಡಿಸಿಬಿಡುತ್ತಾರೆ. ನೋಡುವವರಿಗೆ ಇದು ಒಂದೇ ಕೆಲಸವಾಗಿ ಕಂಡರೂ ವಾಸ್ತವವಾಗಿ ಇಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ.

ಒಂದನೆಯದು, ಶಾಖವನ್ನು ಅಳೆಯುವುದು. ಹಂಚು ಹದವಾಗಿ ಕಾದಿದ್ದರೆ ನೀರು ಹರಡಿ ಕುದಿದು ಆವಿಯಾಗುತ್ತದೆ. ಅತಿಯಾಗಿ ಕಾದಿದ್ದರೆ ಹನಿಗಳು ಮುತ್ತಿನಂತೆ ದುಂಡಾಗಿ ಹಂಚಿನ ಮೇಲೆಲ್ಲ ಓಡಾಡುತ್ತವೆ. ಹನಿಯ ತಳದಲ್ಲಿ ಹುಟ್ಟಿದ ಆವಿಯ ತೆಳುವಾದ ಪದರ ಹನಿಯನ್ನು ಕಬ್ಬಿಣಕ್ಕೆ ತಗುಲದಂತೆ ಎತ್ತಿ ಹಿಡಿಯುವುದೇ ಇದಕ್ಕೆ ಕಾರಣ. ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿ ಬರೆದುದರಿಂದ ಈ ಪರಿಣಾಮಕ್ಕೆ ಅವನ ಹೆಸರೇ ನಿಂತಿದೆ. ನಮ್ಮ ಭಟ್ಟರು ಅವನ ಹೆಸರನ್ನು ಕೇಳಿಲ್ಲ. ಹನಿ ಓಡಿದರೆ ಒಲೆಯಿಂದ ಒಂದು ಕೊಳ್ಳಿ ಹಿಂದಕ್ಕೆ ಎಳೆಯಬೇಕೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲರು.

ಎರಡನೆಯದು, ಹಂಚನ್ನು ತಣಿಸುವುದು. ಹಂಚು ತೀರ ಬಿಸಿಯಾಗಿದ್ದರೆ ಹಿಟ್ಟು ಬಿದ್ದಲ್ಲೇ ಗಟ್ಟಿಯಾಗಿ, ಸೌಟಿಗೆ ಅಂಟಿಕೊಂಡು ಬರುತ್ತದೆ, ಹರಡುವುದಿಲ್ಲ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 70 ಕ್ಯಾಲೊರಿ ಶಾಖ ಸಾಕು. ಅದೇ ನೀರನ್ನು ಆವಿಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಇಷ್ಟು ಶಾಖವನ್ನು ನೀರು ಹಂಚಿನ ಮೇಲ್ಮೈಯಿಂದ ಕ್ಷಣಮಾತ್ರದಲ್ಲಿ ಹೀರಿಕೊಳ್ಳುತ್ತದೆ. ಒಂದು ಹಿಡಿ ನೀರಿನಿಂದ ಅಷ್ಟು ದಪ್ಪದ ಕಬ್ಬಿಣ ಹದಕ್ಕೆ ಬರುವ ಗುಟ್ಟು ಇದು.

ಮೂರನೆಯದೇ ಶುಚಿ ಮಾಡುವುದು. ಹಿಂದಿನ ದೋಸೆಯ ಸೀದ ಹಿಟ್ಟಿನ ಚೂರುಗಳು, ಕರಿದಾದ ಬೆಣ್ಣೆಯ ಜಿಡ್ಡು, ಚೆಲ್ಲಿದ ಖಾರ, ಇವುಗಳನ್ನು ಕುದಿಯುವ ನೀರು ಸಡಿಲಿಸುತ್ತದೆ. ಪೊರಕೆ ಗುಡಿಸಿ ಹೊರಕ್ಕೆ ಹಾಕುತ್ತದೆ. ಅಂದರೆ ಪೊರಕೆ ಕಬ್ಬಿಣವನ್ನು ಕೆರೆಯಬೇಕಾಗಿಲ್ಲ. ಸಡಿಲಾದುದನ್ನು ತಳ್ಳಿದರೆ ಸಾಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಪಳಗಿದ ಹಂಚು ಕಪ್ಪಗೆ ಮಿರುಗುವುದನ್ನು ಎಲ್ಲರೂ ಕಂಡಿದ್ದಾರೆ. ಆ ಕಪ್ಪು ಕೊಳೆಯಲ್ಲ. ತೆಳ್ಳಗೆ ಸವರಿದ ಎಣ್ಣೆ ಬಿಸಿ ಕಬ್ಬಿಣದ ಮೇಲೆ ಮತ್ತೆ ಮತ್ತೆ ಕಾದು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪದರ ಅದು. ದೋಸೆ ಸರಾಗವಾಗಿ ಏಳುವುದೂ ಹಂಚಿಗೆ ತುಕ್ಕು ಹಿಡಿಯದಿರುವುದೂ ಆ ಪದರದಿಂದ. ಮನೆಗಳಲ್ಲಿ ಈರುಳ್ಳಿಯ ಹೋಳಿನಿಂದಲೋ ಬದನೆಕಾಯಿಯ ತೊಟ್ಟಿನಿಂದಲೋ ಎಣ್ಣೆ ಸವರುವ ವಾಡಿಕೆ ಆ ಪದರವನ್ನು ಬೆಳೆಸುವ ಉಪಾಯ. ಹೀಗಿರುವುದರಿಂದ ಹಂಚಿನ ಪೊರಕೆಗೆ ಬೇಕಾದ ಗುಣ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ: ಅದು ಸೀದ ಹಿಟ್ಟಿಗಿಂತ ಗಟ್ಟಿಯಾಗಿರಬೇಕು, ಕಬ್ಬಿಣದ ಮೇಲಿನ ಪದರಕ್ಕಿಂತ ಮೆದುವಾಗಿರಬೇಕು, ಬಿಸಿಗೆ ಕರಗಬಾರದು. ತೆಂಗಿನ ಗರಿಯ ಕಡ್ಡಿಯಲ್ಲಿ ಈ ಮೂರೂ ಇವೆ.

ಪ್ಲಾಸ್ಟಿಕ್ಕಿನ ಕುಂಚ ಮೂರನೆಯ ಪರೀಕ್ಷೆಯಲ್ಲಿಯೇ ಸೋಲುತ್ತದೆ. ದೋಸೆ ಹುಯ್ಯುವ ಹಂಚಿನ ಶಾಖ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಾಲಿಪ್ರೊಪಿಲೀನ್ ಎಂಬ ಸಾಮಾನ್ಯ ಪ್ಲಾಸ್ಟಿಕ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ನೈಲಾನ್ ಸುಮಾರು 220 ಡಿಗ್ರಿಯಲ್ಲಿ ಕರಗಿದರೂ ಅದಕ್ಕೆ ಬಹಳ ಮುಂಚೆಯೇ ಮೆತ್ತಗಾಗುತ್ತದೆ. ಕರಗಿದ್ದು ಎಲ್ಲಿ ಸೇರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಉಕ್ಕಿನ ತಂತಿಯ ಕುಂಚ ಮತ್ತು ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು. ಇವು ಬೇಗ ಉಜ್ಜುತ್ತವೆ, ನಿಜ, ಆದುದರಿಂದಲೇ ಅಪಾಯ. ಎರಡು ವರ್ಷಗಳ ಹಿಂದೆ ಒಂದು ಹೋಟೆಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು ತಿನ್ನುತ್ತಿದ್ದ ಗೆಳೆಯನಿಗೆ ನಾಲಗೆಯ ಬದಿಯಲ್ಲಿ ಏನೋ ಚುಚ್ಚಿದಂತಾಯಿತು. ತೆಗೆದು ನೋಡಿದರೆ ಕೂದಲಿನಷ್ಟು ತೆಳುವಾದ, ಸುರುಳಿ ಸುತ್ತಿದ ಉಕ್ಕಿನ ಎಳೆ. ಊರಿನ ಹೆಸರೂ ಹೋಟೆಲಿನ ಹೆಸರೂ ಇಲ್ಲಿ ಬೇಡ. ಒಳಗೆ ಹಂಚನ್ನು ಉಜ್ಜುತ್ತಿದ್ದ ಹುಡುಗನ ಕೈಯಲ್ಲಿ ಅರ್ಧ ಬಿಚ್ಚಿಹೋದ ಜುಂಗು ಇತ್ತು. ಎಳೆ ಬಾಯಿಗೆ ಸಿಕ್ಕಿತು, ಗಂಟಲಿಗೆ ಇಳಿಯಲಿಲ್ಲ. ಅಲ್ಲಿಗೆ ಆ ದಿನದ ಪುಣ್ಯ.

ಇಳಿದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಹೊರದೇಶದ ವರದಿಗಳು ಸಾಕ್ಷಿ. ಅಮೆರಿಕದಲ್ಲಿ ಬಾರ್ಬೆಕ್ಯೂ ಎಂದರೆ ಮನೆಯ ಹಿತ್ತಲಲ್ಲಿ ಕಂಬಿಯ ಜಾಲರಿಯ ಮೇಲೆ ಮಾಂಸ ಸುಡುವುದು. ಆ ಜಾಲರಿಯನ್ನು ಉಜ್ಜಲು ತಂತಿಯ ಕುಂಚವಿರುತ್ತದೆ. ಕುಂಚದಿಂದ ಕಳಚಿದ ತಂತಿ ಜಾಲರಿಗೆ ಅಂಟಿ, ಅಲ್ಲಿಂದ ಮಾಂಸಕ್ಕೆ ಅಂಟಿ, ಗಂಟಲಿಗೆ ಇಳಿದ ಪ್ರಸಂಗಗಳು ಒಂದೆರಡಲ್ಲ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ 2011ರ ಮಾರ್ಚಿಯಿಂದ 2012ರ ಜೂನ್‌ವರೆಗೆ ಇಂಥ ಆರು ಮಂದಿ ಚಿಕಿತ್ಸೆ ಪಡೆದ ವಿವರವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2012ರ ಜುಲೈನಲ್ಲಿ ಪ್ರಕಟಿಸಿತು. ಕೆಲವರಿಗೆ ತಂತಿ ಕತ್ತಿನ ಮಾಂಸದಲ್ಲಿ ನಾಟಿತ್ತು. ಕೆಲವರಿಗೆ ಕರುಳನ್ನೇ ತೂತು ಮಾಡಿ, ತುರ್ತು ಶಸ್ತ್ರಚಿಕಿತ್ಸೆ ಬೇಕಾಯಿತು. 2002ರಿಂದ 2014ರವರೆಗಿನ ಅವಧಿಯಲ್ಲಿ ಆ ದೇಶದ ತುರ್ತು ಚಿಕಿತ್ಸಾಲಯಗಳಿಗೆ ಇದೇ ಕಾರಣದಿಂದ ಬಂದವರು ಸುಮಾರು 1,700 ಮಂದಿಯೆಂದು ಮಿಸ್ಸೂರಿ ವಿಶ್ವವಿದ್ಯಾನಿಲಯದ ವೈದ್ಯರು 2016ರಲ್ಲಿ ಅಂದಾಜು ಮಾಡಿದರು. ನಮ್ಮ ಊರುಗಳಲ್ಲಿಯೂ ಕಬಾಬು ಸುಡುವ ಕಂಬಿಗಳಿವೆ, ದೋಸೆಯ ಹಂಚುಗಳಿವೆ, ಸ್ಟೀಲಿನ ಜುಂಗು ಎಲ್ಲ ಅಂಗಡಿಗಳಲ್ಲಿಯೂ ಇದೆ. ಆದುದರಿಂದ ಇದು ಬೇರೆಯವರ ಕಥೆಯೆಂದು ಸುಮ್ಮನಿರುವಂತಿಲ್ಲ.

ಯಾವ ಕುಂಚವಾದರೂ ಸವೆಯುತ್ತದೆ. ಸವೆಯದ ಕುಂಚ ಇಲ್ಲವೇ ಇಲ್ಲ. ಕೇಳಬೇಕಾದ ಪ್ರಶ್ನೆಯೆಂದರೆ, ಸವೆದುದು ಎಲ್ಲಿಗೆ ಹೋಗುತ್ತದೆ ಎಂಬುದು. ತೆಂಗಿನ ಕಡ್ಡಿಯ ಚೂರು ತೀರ ನಿರಪಾಯವೆಂದು ನಾನು ಹೇಳುವುದಿಲ್ಲ. ಅದೂ ಗಂಟಲಿಗೆ ಚುಚ್ಚಬಲ್ಲದು. ಆದರೆ ಅದು ಕಣ್ಣಿಗೆ ಕಾಣುವಷ್ಟು ದಪ್ಪ, ನೀರಿಗೆ ಮೆದುವಾಗುತ್ತದೆ, ಹಂಚಿಗೆ ಅಂಟಿ ಕೂರುವುದಿಲ್ಲ. ಹೀಗೆ ಪೊರಕೆ ಒಳ್ಳೆಯದಾದರೂ ಅದರ ಆರೈಕೆ ಕೆಟ್ಟರೆ ಗುಣವೆಲ್ಲ ವ್ಯರ್ಥ. ಇನ್ನು ಆ ಆರೈಕೆಯ ಕ್ರಮವನ್ನು ಹೇಳುತ್ತೇನೆ.

ಚನ್ನಗಿರಿಯ ಕಡೆ ಸೂಳೆಕೆರೆಯ ನೀರೂ ಭದ್ರಾ ಕಾಲುವೆಯ ನೀರೂ ಹರಿಯುವಲ್ಲಿ ಅಡಿಕೆಯ ಜೊತೆಗೆ ತೆಂಗೂ ಇದೆ, ಕಡ್ಡಿಗೆ ಬರವಿಲ್ಲ. ಒಂದು ತೆಂಗಿನ ಗರಿಯಲ್ಲಿ 200ರಿಂದ 250ರಷ್ಟು ಎಸಳುಗಳಿದ್ದು, ಪ್ರತಿಯೊಂದು ಎಸಳಿನ ನಡುವೆಯೂ ಒಂದೊಂದು ಕಡ್ಡಿಯಿರುತ್ತದೆ. ಹೀಗೆ ಒಂದು ಗರಿಯಿಂದ ಒಂದೆರಡು ಹಂಚಿನ ಪೊರಕೆಗಳಾಗುತ್ತವೆ. ತೀರ ಎಳೆಯ ಗರಿಯ ಕಡ್ಡಿ ಬಾಗುತ್ತದೆ. ಬಹುಕಾಲ ಬಿಸಿಲು ಮಳೆಯಲ್ಲಿ ಬಿದ್ದಿದ್ದ ಗರಿಯದು ಮುರಿಯುತ್ತದೆ. ಬಲಿತು, ಆಗತಾನೆ ಕಡಿದ ಗರಿ ಉತ್ತಮ. ಕಡ್ಡಿಯ ಎರಡು ಬದಿಗೆ ಅಂಟಿದ ಎಲೆಯ ಚೂರನ್ನು ಚಾಕುವಿನಿಂದ ಚೆನ್ನಾಗಿ ಹೆರೆಯಬೇಕು; ಉಳಿದರೆ ಅದೇ ಸೀದು ಕರಿ ಪುಡಿಯಾಗಿ ಹಂಚಿಗೆ ಉದುರುತ್ತದೆ. ತೆಳುವಾದ ತುದಿಗಳನ್ನು ಕತ್ತರಿಸಿ, ಒಂದು ಗೇಣಿನಷ್ಟು ಉಳಿಸಿಕೊಂಡು, ಬುಡದ ಕಡೆ ಎರಡು ಸ್ಥಳದಲ್ಲಿ ತೆಂಗಿನ ನಾರಿನ ಹುರಿಯಿಂದ ಬಿಗಿಯಬೇಕು. ಪ್ಲಾಸ್ಟಿಕ್ ದಾರ ಬೇಡ, ತಂತಿಯೂ ಬೇಡ. ಕೊನೆಗೆ ಬುಡದ ನಡುವೆ ಒಂದು ಮರದ ಗೂಟ ಬಡಿದರೆ ಕಟ್ಟು ಭದ್ರವಾಗುತ್ತದೆ.

ಹೊಸ ಪೊರಕೆಯನ್ನು ನೇರವಾಗಿ ಹಂಚಿಗೆ ಇಳಿಸಬಾರದು. ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಎರಡು ಬಿಸಿಲು ಒಣಗಿಸಿ, ಕಲ್ಲಿನ ಮೇಲೆ ನಾಲ್ಕು ಸಲ ಕುಟ್ಟಿದರೆ ದೂಳೂ ಸಡಿಲ ಕಡ್ಡಿಗಳೂ ಅಲ್ಲಿಯೇ ಉದುರಿಹೋಗುತ್ತವೆ.

ದಿನದ ಆರೈಕೆಯನ್ನು ಹೊನ್ನಾಳಿಯಲ್ಲಿ ಒಬ್ಬ ವೃದ್ಧ ಭಟ್ಟರು ಮಾಡುವುದನ್ನು ಕಂಡೆ. ಅದಕ್ಕಿಂತ ಉತ್ತಮ ಕ್ರಮವನ್ನು ಯಾವ ಪುಸ್ತಕವೂ ಹೇಳಲಾರದು. ಒಲೆ ಆರಿದ ಮೇಲೆ ಅವರು ಮೊದಲು ಪೊರಕೆಯನ್ನು ತಲೆಕೆಳಗಾಗಿ ಹಿಡಿದು ಕಲ್ಲಿಗೆ ಕುಟ್ಟಿದರು. ಬಳಿಕ ಬಿಸಿನೀರಿಗೆ ಒಂದು ಚಿಟಿಕೆ ವಾಷಿಂಗ್ ಸೋಡ ಹಾಕಿ, ಅದರಲ್ಲಿ ಪೊರಕೆಯನ್ನು ಅದ್ದಿ, ಕಡ್ಡಿಗಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ತೊಳೆದರು. ಜಿಡ್ಡು ಕೂರುವುದು ಹೊರಗಲ್ಲ, ನಡುವೆ. ತರುವಾಯ ಬರಿಯ ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಜಾಡಿಸಿ, ಕಡ್ಡಿ ಕೆಳಗಾಗಿ ಬರುವಂತೆ ಗಾಳಿಯಾಡುವ ಕಡೆ ತೂಗುಹಾಕಿದರು. ಕಡ್ಡಿ ಮೇಲಾಗಿ ನಿಲ್ಲಿಸಿದರೆ ನೀರೆಲ್ಲ ಕಟ್ಟಿನೊಳಗೆ ಇಳಿದು ಅಲ್ಲಿ ಕೊಳೆಯುತ್ತದೆ. ಅದೇ ಗೂಟದ ಪಕ್ಕದಲ್ಲಿ ಮತ್ತೊಂದು ಪೊರಕೆ ಒಣಗಿ ಗರಿಗರಿಯಾಗಿ ತೂಗುತ್ತಿತ್ತು. "ಅದೇಕೆ ಎರಡು?" ಎಂದೆ. "ಒಂದು ದುಡಿಯೋದು, ಒಂದು ಒಣಗೋದು. ದಿನಾ ದುಡಿಯೋಕೆ ಪೊರಕೆಗೂ ಆಗಲ್ಲಪ್ಪ" ಎಂದರು.

ಆ ಮಾತಿನಲ್ಲಿ ಅಡಗಿರುವ ವಿಜ್ಞಾನ ಸಣ್ಣದಲ್ಲ. ಒದ್ದೆ ಪೊರಕೆಯ ನಡುವೆ ಅಕ್ಕಿ ಹಿಟ್ಟಿನ ಲೇಪ ರಾತ್ರಿಯೆಲ್ಲ ಉಳಿದರೆ ಸೂಕ್ಷ್ಮಜೀವಿಗಳಿಗೆ ಅದು ಸುಗ್ಗಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಅನ್ನ ಮತ್ತು ಪಿಷ್ಟದ ಪದಾರ್ಥಗಳಲ್ಲಿ ಬೆಳೆದು ವಾಂತಿಭೇದಿಗಳನ್ನು ತರುತ್ತದೆ. ಅದರ ಬೀಜಾಣುಗಳು ಕುದಿಯುವ ನೀರಿಗೂ ಸಾಯದೆ ಉಳಿಯಬಲ್ಲವು. ಆದರೆ ಅವು ಮೊಳೆತು ಬೆಳೆಯಲು ತೇವ ಬೇಕೇ ಬೇಕು. ಹೀಗಾಗಿ ಕುದಿಸುವುದಕ್ಕಿಂತಲೂ ಪೂರ್ತಿ ಒಣಗಿಸುವುದು ಮುಖ್ಯ. ಹಂಚಿನ ಬಿಸಿ ಎಲ್ಲವನ್ನೂ ಸುಟ್ಟುಬಿಡುತ್ತದೆಂದು ಕೆಲವರು ವಾದಿಸುತ್ತಾರೆ. ಹಂಚಿನ ನಡುವೆ ಅದು ಬಹುಪಾಲು ದಿಟವಿರಬಹುದು. ಅಂಚು ಅಷ್ಟು ಬಿಸಿಯಲ್ಲ, ಪೊರಕೆಯ ಬುಡ ಬಿಸಿಯೇ ಅಲ್ಲ. ಅದೂ ಅಲ್ಲದೆ ಪೊರಕೆ ಮತ್ತೆ ಮತ್ತೆ ಮುಳುಗುವ ನೀರಿನ ಬಕೆಟ್ಟು ಬೇರೆ ಇದೆಯಲ್ಲ! ಬೆಳಗಿನ ನೀರು ಮಧ್ಯಾಹ್ನದವರೆಗೂ ಉಳಿದರೆ ತೊಳೆಯುವ ಪೊರಕೆ ಬಳಿಯುವ ಪೊರಕೆಯಾಗುತ್ತದೆ. ಹಂಚಿಗೆ ಎರಚುವ ನೀರು ಚೊಂಬಿನಲ್ಲಿ ಬೇರೆ, ಪೊರಕೆ ಅದ್ದುವ ನೀರು ಬಕೆಟ್ಟಿನಲ್ಲಿ ಬೇರೆ ಇರಬೇಕು. ಬಕೆಟ್ಟಿನ ನೀರು ಬಣ್ಣ ತಿರುಗಿದ ಕೂಡಲೆ ಹೊರಗೆ ಹೋಗಬೇಕು.

ವಾರಕ್ಕೊಮ್ಮೆ ತುದಿಗಳನ್ನು ನೋಡಬೇಕು. ಸೀಳಿ ಕವಲಾದ ತುದಿಯೇ ಮುರಿದು ದೋಸೆಗೆ ಸೇರುವುದು. ಆದುದರಿಂದ ಅರ್ಧ ಬೆರಳಿನಷ್ಟು ಸಮನಾಗಿ ಕತ್ತರಿಸಿಬಿಡಬೇಕು. ಕಡ್ಡಿ ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಕಟ್ಟು ಸಡಿಲುತ್ತದೆ, ಅದನ್ನು ಬಿಗಿಮಾಡಬೇಕು. ಬಿಳಿಯ ಬಟ್ಟೆಯ ಮೇಲೆ ಪೊರಕೆಯನ್ನು ನಾಲ್ಕು ಸಲ ಕುಟ್ಟಿ, ಏನು ಉದುರಿತೆಂದು ಕಣ್ಣಾರೆ ನೋಡಬೇಕು. ಕಡ್ಡಿ ನಾಲ್ಕು ಬೆರಳಿಗಿಂತ ಮೋಟಾದಾಗಲೂ, ತೊಳೆದರೂ ಕಮಟು ವಾಸನೆ ಹೋಗದಾದಾಗಲೂ ಪೊರಕೆಗೆ ನಿವೃತ್ತಿ ಕೊಡಬೇಕು. ನಿವೃತ್ತಿಯಾದುದನ್ನು ನೆಲಕ್ಕೆ ಇಳಿಸಿ ಅವಸರಕ್ಕೆ ಮತ್ತೆ ಹಂಚಿಗೆ ಏರಿಸುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು. ಒಲೆಗೆ ಹಾಕಿದರೆ ಅದೇ ಮರುದಿನದ ಬೆಂಕಿ ಹೊತ್ತಿಸಲು ನೆರವಾಗುತ್ತದೆ.

ತಂತಿಯ ಕುಂಚವನ್ನೇ ಬಳಸಬೇಕಾದವರಿಗೂ ಒಂದು ಮಾತು. ಕಬಾಬಿನ ಜಾಲರಿ ಇನ್ನೂ ಬೆಚ್ಚಗಿರುವಾಗಲೇ ಉಜ್ಜಿದರೆ ಬಲವಾಗಿ ತಿಕ್ಕುವ ಅಗತ್ಯವೇ ಬೀಳುವುದಿಲ್ಲ. ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ಕಂಬಿಗಳನ್ನು ಒಂದೊಂದಾಗಿ ಒರಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕುಂಚವನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತಂತಿಯ ಬುಡದಲ್ಲಿ ತುಕ್ಕು ಹಿಡಿದರೆ ಅಲ್ಲಿಯೇ ಮುರಿಯುತ್ತದೆ. ಬೆರಳಿನಿಂದ ಎಳೆದಾಗ ಒಂದು ತಂತಿ ಬಂದರೂ ಕುಂಚವನ್ನು ಎಸೆಯಬೇಕು. ಅಯಸ್ಕಾಂತವನ್ನು ನಂಬಿ ಕೂರಬಾರದು. ಹಿತ್ತಾಳೆಯ ತಂತಿಗೆ ಅದು ಸೋಕುವುದೇ ಇಲ್ಲ, ಕೆಲವು ಬಗೆಯ ಸ್ಟೇನ್‌ಲೆಸ್ ಉಕ್ಕನ್ನೂ ಸರಿಯಾಗಿ ಎಳೆಯುವುದಿಲ್ಲ. ಇಷ್ಟೆಲ್ಲ ಪಾಡು ಬೇಡವೆನ್ನುವವರು ಮುಳ್ಳುಚಮಚಕ್ಕೆ ಸಿಕ್ಕಿಸಿದ ಅರ್ಧ ಈರುಳ್ಳಿಯಿಂದ ಬಿಸಿ ಕಂಬಿಯನ್ನು ಉಜ್ಜಿ ನೋಡಬಹುದು.

ಎಲ್ಲ ಹಂಚಿಗೂ ಪೊರಕೆ ಬೇಕೆಂದಲ್ಲ. ಜಗಳೂರು ಮಳೆ ಕಡಿಮೆಯ ಸೀಮೆ. ಅಲ್ಲಿನ ಮನೆಗಳಲ್ಲಿ ಜೋಳದ ರೊಟ್ಟಿಯ ಹಂಚಿಗೆ ಎಣ್ಣೆಯ ಸೋಂಕಿಲ್ಲ. ಹಂಚಿನ ಮೇಲೆ ಉಳಿಯುವುದು ಒಣ ಹಿಟ್ಟಿನ ಸೀದ ಪುಡಿ ಮಾತ್ರ; ಒಂದು ಬಟ್ಟೆಯಿಂದ ಒರಸಿದರೆ ಹೋಯಿತು. ಆದರೆ ಆ ಬಟ್ಟೆಯೂ ದಿನಾ ಒಗೆದು ಒಣಗಬೇಕೆಂಬ ನಿಯಮ ಪೊರಕೆಯ ನಿಯಮವೇ. ನ್ಯಾಮತಿಯ ಒಂದು ಹೋಟೆಲಿನಲ್ಲಿ ಅಗಲ ಬಾಯಿಯ ಸಟ್ಟುಗದಿಂದ ದಪ್ಪ ಕರಿಯನ್ನು ಮೊದಲು ಎತ್ತಿ, ಆಮೇಲೆ ಪೊರಕೆ ಆಡಿಸುತ್ತಿದ್ದರು. ಇದರಿಂದ ಪೊರಕೆಯ ಆಯುಸ್ಸು ಹೆಚ್ಚುತ್ತದೆಂದು ಅವರ ಅನುಭವ. ನನಗೂ ಅದು ಯುಕ್ತವಾಗಿ ತೋರಿತು.

ಕಾನೂನಿನ ಬೆಂಬಲವೂ ಈ ಶುಚಿತ್ವಕ್ಕೆ ಇಲ್ಲದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಅಡಿಯಲ್ಲಿ 2011ರಲ್ಲಿ ಬಂದ ಪರವಾನಗಿಯ ನಿಬಂಧನೆಗಳು ಆಹಾರಕ್ಕೆ ತಗುಲುವ ಉಪಕರಣಗಳನ್ನು ಶುಚಿಯಾಗಿಡುವ ಹೊಣೆಯನ್ನು ಹೋಟೆಲು ನಡೆಸುವವರ ಮೇಲೆ ಇರಿಸಿವೆ. ಆದರೆ ತಪಾಸಣೆಗೆ ಬಂದವರು ಹಂಚನ್ನು ನೋಡಬಹುದು, ಹಿಟ್ಟನ್ನು ನೋಡಬಹುದು. ಮೂಲೆಯಲ್ಲಿ ಒರಗಿದ ಪೊರಕೆಯ ನಡುವಿನ ಕಡ್ಡಿಗಳನ್ನು ಬಿಡಿಸಿ ನೋಡುವ ವ್ಯವಧಾನ ಎಷ್ಟು ಮಂದಿಗೆ ಇದ್ದೀತು? ಅದನ್ನು ದಿನಾ ನೋಡುವವನು ಹಂಚಿನ ಮುಂದೆ ಬೆವರುತ್ತ ನಿಂತ ಕೆಲಸಗಾರನೊಬ್ಬನೇ. ನೂರಾರು ಗಂಟಲುಗಳ ಕ್ಷೇಮ ಅವನ ಕೈಯಲ್ಲಿದೆ. ಅವನಿಗೆ ಎರಡನೆಯ ಪೊರಕೆ ಕೊಡದೆ, ಅದನ್ನು ತೊಳೆಯಲು ಕಾಲು ಗಂಟೆಯ ಬಿಡುವನ್ನೂ ಕೊಡದೆ, "ಬೇಗ, ಬೇಗ" ಎಂದು ಅವಸರಪಡಿಸುವ ಯಜಮಾನರೇ ಅವನ ಕೈಗೆ ಸ್ಟೀಲಿನ ಜುಂಗನ್ನು ಕೊಟ್ಟಂತಾಯಿತು. ಮೇಜಿನ ಬಳಿ ಕುಳಿತು ತಡವಾಯಿತೆಂದು ಗೊಣಗುವ ನಮ್ಮ ಪಾಲೂ ಅದರಲ್ಲಿ ಸ್ವಲ್ಪ ಇದೆ.

ಪೊರಕೆಯನ್ನು ಕಾಲಿನಿಂದ ಮುಟ್ಟಬಾರದು, ಅದು ಲಕ್ಷ್ಮಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮರ್ಯಾದೆ ಅಷ್ಟಕ್ಕೇ ನಿಲ್ಲಬಾರದು. ಅದನ್ನು ತೊಳೆದು, ಒಣಗಿಸಿ, ಸವೆದಾಗ ಕತ್ತರಿಸಿ, ಮುಗಿದಾಗ ಒಲೆಗೆ ಸೇರಿಸುವುದೂ ಮರ್ಯಾದೆಯೇ. ಮುಂದಿನ ಸಲ ದೋಸೆಗೆ ಹೇಳಿ ಕಾಯುವಾಗ ವಾಚಕರು ಒಮ್ಮೆ ಒಳಗೆ ಇಣುಕಿ, ಗೋಡೆಯ ಗೂಟದಲ್ಲಿ ಎರಡನೆಯ ಪೊರಕೆ ತೂಗುತ್ತಿದೆಯೇ ಎಂದು ನೋಡಲಿ. ತೂಗುತ್ತಿದ್ದರೆ ಭಟ್ಟರಿಗೆ ಒಂದು ಒಳ್ಳೆಯ ಮಾತು ಹೇಳಿ ಬರಲಿ.